ಸಿಟ್ಟು ಬರಬೇಕಾದ್ದು ‘ಲಾಗಿದೆ’ಯ ಮೇಲೆ

ನವೆಂಬರ್ ತಿಂಗಳ ವೇದಿಕೆಗಳಲ್ಲಿ ಒಂದು ದೂರು ತಪ್ಪದೆ ಕೇಳಿಬರುತ್ತದೆ. ಈಗಿನ ಹುಡುಗರ ಬಾಯಲ್ಲಿ ಕನ್ನಡ ಕೆಟ್ಟುಹೋಯಿತು. ಬಾಯಿ ಬಿಟ್ಟರೆ ‘ಆಕ್ಚುಲಿ’, ಎರಡು ಮಾತಿಗೊಮ್ಮೆ ‘ಬೇಸಿಕಲಿ’. ಚೆನ್ನಾಗಿದೆ ಅನ್ನುವುದಕ್ಕೆ ‘ಸಕತ್’, ‘ಸೂಪರ್’. ಗೆಳೆಯನನ್ನು ‘ಮಗಾ’, ‘ಗುರು’, ‘ಮಚ್ಚಾ’ ಎಂದು ಕರೆಯುತ್ತಾರೆ. ನಲವತ್ತು ದಾಟದ ಹೆಂಗಸನ್ನೂ ‘ಆಂಟಿ’ ಅನ್ನುತ್ತಾರೆ. ‘ಬಳಸು’ ಎಂಬ ಚೆಂದದ ಮಾತಿದ್ದರೂ ‘ಯೂಸ್ ಮಾಡು’ ಅನ್ನುತ್ತಾರೆ. ಕೇಳಿದರೆ ಮೈ ಉರಿಯುತ್ತದೆ ಎಂದು ಭಾಷಣಕಾರರು ಹೇಳುತ್ತಾರೆ, ಸಭೆ ಚಪ್ಪಾಳೆ ತಟ್ಟುತ್ತದೆ. ಮದುವೆ ಮನೆಯ ಪಂಕ್ತಿಯಲ್ಲೂ ಇದೇ ಮಾತು, ಪತ್ರಿಕೆಯ ವಾಚಕರ ವಾಣಿಯಲ್ಲೂ ಇದೇ ಮಾತು. ಈಗಂತೂ ಇಂಥ ಪದಗಳನ್ನು ಕೇಳಿ ಮೂಗು ಮುರಿಯುವುದೇ ಕನ್ನಡಾಭಿಮಾನದ ಗುರುತಾಗಿದೆ.

ಈ ದೂರನ್ನು ನಾನು ಒಪ್ಪುವುದಿಲ್ಲ. ಕನ್ನಡಿಗರಿಗೆ ನಿಜಕ್ಕೂ ಕೇಡು ಮಾಡುವ ಮಾತುಗಳು ಬೇರೆ ಇವೆ. ಅವು ಶುದ್ಧ ಕನ್ನಡದ ವೇಷ ತೊಟ್ಟು ದಿನವೂ ನಮ್ಮೆದುರು ಓಡಾಡುತ್ತವೆ, ಅವನ್ನು ಕಂಡರೆ ಯಾರಿಗೂ ಸಿಟ್ಟು ಬರುವುದಿಲ್ಲ. ಪರಿಶೀಲಿಸಲಾಗುವುದು, ಸೂಕ್ತ ಕ್ರಮ ಕೈಗೊಳ್ಳಲಾಗುವುದು, ತಿರಸ್ಕರಿಸಲಾಗಿದೆ, ಸೂಚಿಸಲಾಗಿದೆ, ಎನ್ನಲಾಗಿದೆ. ಇವುಗಳಲ್ಲಿ ಇಂಗ್ಲಿಷಿನ ಒಂದಕ್ಷರವೂ ಇಲ್ಲ. ಮನುಷ್ಯನೂ ಇಲ್ಲ.

ಎರಡು ವಾಕ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ‘ಅರ್ಜಿ ಚೆಕ್ ಮಾಡಿದ್ದೀನಿ, ರಿಜೆಕ್ಟ್ ಮಾಡಿದ್ದೀನಿ.’ ‘ಅರ್ಜಿಯನ್ನು ಪರಿಶೀಲಿಸಿ ತಿರಸ್ಕರಿಸಲಾಗಿದೆ.’ ಮೊದಲನೆಯದನ್ನು ಕೇಳಿದರೆ ರಾಜ್ಯೋತ್ಸವದ ಸಭೆ ಮುಖ ಸಿಂಡರಿಸುತ್ತದೆ, ಎರಡನೆಯದಕ್ಕೆ ಯಾರ ತಕರಾರೂ ಇಲ್ಲ. ಆದರೆ ಅರ್ಜಿ ಹಾಕಿದವನ ಜಾಗದಲ್ಲಿ ನಿಂತು ಯೋಚಿಸಿ. ಮೊದಲನೆಯ ವಾಕ್ಯ ಆಡಿದವನನ್ನು ಹಿಡಿದು ಕೇಳಬಹುದು: ಯಾಕಪ್ಪಾ ರಿಜೆಕ್ಟ್ ಮಾಡಿದೆ? ಎರಡನೆಯದನ್ನು ಯಾರಲ್ಲಿ ಹೋಗಿ ಕೇಳುವುದು?

ಕನ್ನಡದ ಕ್ರಿಯಾಪದದ ತುದಿಯಲ್ಲಿ ಕೆಲಸ ಮಾಡಿದವರ ಗುರುತು ಕೂತಿರುತ್ತದೆ. ‘ಮಾಡಿದಳು’ ಎಂದರೆ ಸಾಕು, ಮಾಡಿದ್ದು ಹೆಂಗಸು, ಒಬ್ಬಳೇ, ಮಾತಾಡುವವರೂ ಕೇಳುವವರೂ ಅಲ್ಲದ ಬೇರೊಬ್ಬಳು ಎಂಬಷ್ಟೂ ತಿಳಿಯುತ್ತದೆ. ‘ಮಾಡಿದೆವು’ ಎಂದರೆ ಹೊಣೆ ಹೊತ್ತವರಲ್ಲಿ ನಾನೂ ಇದ್ದೇನೆ ಎಂದು ಒಪ್ಪಿಕೊಂಡಂತೆ. ಈ ಭಾಷೆಯಲ್ಲಿ ಮಾತಾಡುತ್ತಾ ನುಣುಚಿಕೊಳ್ಳುವುದು ಸುಲಭವಲ್ಲ. ‘ಯೂಸ್ ಮಾಡ್ತೀನಿ’ ಎನ್ನುವ ಕಾಲೇಜು ಹುಡುಗಿ ಹೊರಗಿನಿಂದ ಒಂದು ಪದ ತಂದಳು ನಿಜ, ಆದರೆ ತಂದದ್ದನ್ನು ಕನ್ನಡದ ತುದಿಗೆ ಕಟ್ಟಿದಳು; ಮಾಡ್ತೀನಿ, ಮಾಡಲ್ಲ, ಮಾಡಿದ್ರೆ, ಮಾಡ್ಬೇಕಿತ್ತು ಎಂದು ನಮ್ಮ ವ್ಯಾಕರಣದ ಎಲ್ಲ ಬಾಗಿಲುಗಳಲ್ಲೂ ಅದನ್ನು ಹಾಯಿಸಿದಳು. ‘ಲಾಗಿದೆ’ ಬರೆಯುವ ಗುಮಾಸ್ತ ಆ ತುದಿಯನ್ನೇ ಕತ್ತರಿಸಿ ಎಸೆಯುತ್ತಾನೆ. ಭಾಷೆಗೆ ಪೆಟ್ಟು ಕೊಟ್ಟವರು ಇವರಲ್ಲಿ ಯಾರು?

ನಮ್ಮ ಬೀದಿಯಲ್ಲಿ ಹೂ ಕಟ್ಟಿ ಮಾರುವ ಹೆಂಗಸೊಬ್ಬರಿದ್ದಾರೆ. ಗಂಡ ತೀರಿಕೊಂಡ ಮೇಲೆ ವಿಧವಾ ವೇತನಕ್ಕೆ ಅರ್ಜಿ ಕೊಟ್ಟಿದ್ದರು. ಕಚೇರಿಯಿಂದ ಬಂದ ಹಿಂಬರಹವನ್ನು ಓದಿಸಿಕೊಳ್ಳಲು ನನ್ನ ಹತ್ತಿರ ತಂದರು. ಅರ್ಧ ಹಾಳೆ, ಎರಡೇ ಸಾಲು: ‘ಸದರಿ ಅರ್ಜಿಯನ್ನು ಪರಿಶೀಲಿಸಲಾಗಿ, ಅಗತ್ಯ ದಾಖಲೆಗಳನ್ನು ಲಗತ್ತಿಸದಿರುವುದು ಕಂಡುಬಂದಿದ್ದು, ಅರ್ಜಿಯನ್ನು ವಿಲೇಗೊಳಿಸಲಾಗಿದೆ.’ ಓದಿ ಮುಗಿಸಿದೆ.

‘ಯಾರ್ ನೋಡಿದ್ರಂತಣ್ಣಾ?’

‘ಅದು ಬರೆದಿಲ್ಲ ಅಕ್ಕಾ.’

‘ಯಾವ್ ಕಾಗ್ದ ಕಮ್ಮಿ ಐತಂತೆ?’

‘ಅದನ್ನೂ ಬರೆದಿಲ್ಲ.’

‘ಮತ್ತೆ ಏನ್ ಬರ್ದವ್ರೆ ಇದ್ರಾಗೆ?’

ಆಕೆ ಕೇಳಿದ ಈ ಮೂರು ಪ್ರಶ್ನೆಗಳ ಉತ್ತರಕ್ಕಿಂತ ಹೆಚ್ಚಿನದು ಯಾವ ಸರ್ಕಾರಿ ಪತ್ರದಲ್ಲೂ ಇರಬೇಕಾಗಿಲ್ಲ, ಕಡಿಮೆಯೂ ಇರಕೂಡದು. ಶಾಲೆಯ ಮೆಟ್ಟಿಲು ಹತ್ತದ ಆಕೆಯ ಕನ್ನಡ ಪ್ರತಿ ಕ್ರಿಯಾಪದದಲ್ಲೂ ಒಬ್ಬ ಮನುಷ್ಯನನ್ನು ಹುಡುಕುತ್ತಿತ್ತು: ನೋಡಿದ್ರು, ಬರ್ದವ್ರೆ. ಕಚೇರಿಯ ಕನ್ನಡದಲ್ಲಿ ಯಾರೂ ನೋಡಿರಲಿಲ್ಲ, ಯಾರೂ ಬರೆದಿರಲಿಲ್ಲ. ಅರ್ಜಿ ತಾನಾಗಿ ಪರಿಶೀಲನೆಗೊಂಡು ತಾನಾಗಿ ‘ವಿಲೇ’ ಆಗಿತ್ತು. ಕೆಳಗೆ ಅರ್ಥವಾಗದ ಒಂದು ಸಹಿ, ಅದರಡಿ ‘ಪರವಾಗಿ’ ಎಂಬ ಮೊಹರು. ಕಚೇರಿಯ ಲೆಕ್ಕದಲ್ಲಿ ಆ ಕಡತ ಮುಗಿದ ಕೆಲಸ. ಆಕೆಯ ಲೆಕ್ಕದಲ್ಲಿ ಮತ್ತೆ ಮೊದಲಿಂದ ಶುರು, ಹೂ ಕಟ್ಟುವ ಇನ್ನೊಂದು ಬೆಳಗು ದಂಡ. ಆ ಹಾಳೆಯಲ್ಲಿದ್ದ ಒಂದೊಂದು ಪದವೂ ನಿಘಂಟಿನಲ್ಲಿ ಸಿಗುತ್ತದೆ, ಕಾಗುಣಿತ ಸರಿಯಿತ್ತು, ಭಾಷಾಭಿಮಾನಿಗಳು ತಪ್ಪು ಹುಡುಕಿದರೆ ಒಂದೂ ಸಿಗುವಂತಿರಲಿಲ್ಲ. ನನಗೆ ಮೈ ಉರಿದದ್ದು ಅದಕ್ಕೇ.

ಆಡಳಿತದ ಭಾಷೆ ಎಂದರೆ ಹಾಗೇ ಇರುವುದು ಎನ್ನುವವರು ನಮ್ಮ ಹಳೆಯ ಆಡಳಿತ ಬರಹಗಳನ್ನು ಒಮ್ಮೆ ನೋಡಬೇಕು. ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿರುವ ಯಾವುದೇ ದಾನಶಾಸನ ತೆಗೆಯಿರಿ. ಆಳುತ್ತಿದ್ದವರು ಯಾರು, ಕೊಟ್ಟವರು ಯಾರು, ಯಾರಿಗೆ ಕೊಟ್ಟರು, ಯಾವ ಊರಿನ ಯಾವ ಗದ್ದೆ, ಮೂಡಲಿಗೆ ಏನಿದೆ, ಪಡುವಲಿಗೆ ಏನಿದೆ, ಸಾಕ್ಷಿ ನಿಂತವರು ಯಾರು ಎಂದು ಕಲ್ಲು ಒಂದೊಂದನ್ನೂ ಹೇಳುತ್ತದೆ. ಎಷ್ಟೋ ಕಡೆ ಬರೆದವನ ಹೆಸರು, ಕೆತ್ತಿದವನ ಹೆಸರೂ ಇರುತ್ತದೆ. ಕೊನೆಗೆ ಶಾಪಾಶಯ: ಇದನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುತ್ತಾನೆ. ಇನ್ನೂ ಹುಟ್ಟದ ತಪ್ಪಿತಸ್ಥನನ್ನೂ ಆ ಕನ್ನಡ ಕರ್ತೃಪದವಾಗಿ ನಿಲ್ಲಿಸಿ ಮಾತಾಡಿಸಿತ್ತು. ಅಷ್ಟು ಹಿಂದಕ್ಕೆ ಹೋಗುವುದು ಬೇಡವೆಂದರೆ ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಕ್ರಯಪತ್ರ ಬಿಚ್ಚಿ. ಇಂಥವರ ಮಗ ಇಂಥವನು, ಇಂಥವರ ಮಗ ಇಂಥವರಿಗೆ ಬರೆದುಕೊಟ್ಟ ಶುದ್ಧ ಕ್ರಯಪತ್ರದ ಕ್ರಮವೇನೆಂದರೆ, ಎಂದು ಶುರುವಾಗುತ್ತದೆ. ಚೆಕ್ಕುಬಂದಿ ಇದೆ, ಸಾಕ್ಷಿಗಳ ರುಜು ಇದೆ, ಬರೆದ ಶಾನುಭೋಗರ ಬಿಕ್ಕಲಂ ಇದೆ. ಅದರ ತುಂಬ ಫಾರಸಿ, ಅರಬ್ಬಿ ಪದಗಳಿರುತ್ತವೆ. ಆದರೂ ಯಾರು ಯಾರಿಗೆ ಏನು ಮಾಡಿದರು ಎಂಬ ವಿಷಯದಲ್ಲಿ ಒಂದಿಷ್ಟೂ ಮಬ್ಬಿಲ್ಲ. ಪದ ಎಲ್ಲಿಂದ ಬಂತು ಎನ್ನುವುದಕ್ಕೂ ಮಾತು ನೇರವಾಗಿರುವುದಕ್ಕೂ ಸಂಬಂಧವೇ ಇಲ್ಲ ಎನ್ನಲು ಇದಕ್ಕಿಂತ ಪುರಾವೆ ಬೇಕೆ?

ಹಾಗಾದರೆ ‘ಲಾಗಿದೆ’ ಇಷ್ಟೊಂದು ಬೆಳೆದದ್ದು ಹೇಗೆ? ಬ್ರಿಟಿಷರ ಕಚೇರಿ ಇಂಗ್ಲಿಷಿನಿಂದ. ಆಳುವವನು ತನ್ನ ಮುಖ ತೋರಿಸದೆ ಆಜ್ಞೆ ಹೊರಡಿಸಲು ಮಾಡಿಕೊಂಡ ಭಾಷೆ ಅದು. 1963ರಲ್ಲಿ ರಾಜ್ಯದ ರಾಜಭಾಷಾ ಕಾಯ್ದೆ ಬಂತು, ಕನ್ನಡ ಆಡಳಿತ ಭಾಷೆಯಾಯಿತು. ಪದಗಳನ್ನು ಬದಲಾಯಿಸಿದೆವು, ವಾಕ್ಯದ ಅಚ್ಚನ್ನು ಹಾಗೇ ಇಟ್ಟುಕೊಂಡೆವು. ‘ತಿಳಿಸಲು ನಿರ್ದೇಶಿತನಾಗಿದ್ದೇನೆ’ ಎಂದು ಇವತ್ತಿಗೂ ಪತ್ರ ಬರೆಯುವ ಅಧಿಕಾರಿ ಆಡುವುದು ಕನ್ನಡ ಲಿಪಿಯಲ್ಲಿರುವ ಹಳೆಯ ಇಂಗ್ಲಿಷ್ ಕಾರಕೂನನ ಮಾತು. ‘ಆಕ್ಚುಲಿ’ ಅನ್ನುವ ಹುಡುಗನನ್ನು ಇಂಗ್ಲಿಷಿನ ಗುಲಾಮ ಎಂದು ಹಂಗಿಸುವವರಿಗೆ ಈ ಗುಲಾಮಗಿರಿ ಕಾಣದೆ ಹೋದದ್ದು ನನಗೆ ಬಿಡಿಸಲಾಗದ ಒಗಟು.

ಇದು ಬರೀ ಶೈಲಿಯ ಮಾತೂ ಅಲ್ಲ. ನಾವೇ ಮಾಡಿಕೊಂಡ ಕಾನೂನುಗಳು ಕರ್ತೃಪದವನ್ನು ಕೇಳುತ್ತವೆ. 2011ರ ಸಕಾಲ ಕಾಯ್ದೆಯ ಪ್ರಕಾರ ಪ್ರತಿ ಸೇವೆಗೂ ಹೊಣೆಯಾದ ಅಧಿಕಾರಿ ಯಾರು, ಎಷ್ಟು ದಿನದೊಳಗೆ ಅವರು ಕೆಲಸ ಮುಗಿಸಬೇಕು ಎಂಬುದು ಮೊದಲೇ ಗೊತ್ತಾಗಿರಬೇಕು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿಯವರೆಗೆ, ಅರ್ಜಿದಾರರಿಗೆ ಪರಿಹಾರ ಸಿಗಬೇಕು. ಆ ಹಣ ಬರುವುದು ತಡಮಾಡಿದ ಅಧಿಕಾರಿಯ ಜೇಬಿನಿಂದ. 2005ರ ಮಾಹಿತಿ ಹಕ್ಕು ಕಾಯ್ದೆ 30 ದಿನದ ಗಡುವು ಹಾಕಿದೆ, ತಪ್ಪಿದರೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿಯವರೆಗೆ ದಂಡ. ಮಾಹಿತಿ ಕೊಡುವುದಿಲ್ಲ ಎನ್ನುವವರು ಕಾರಣ ಬರೆಯಬೇಕು, ಮೇಲ್ಮನವಿ ಯಾರಿಗೆ ಸಲ್ಲಿಸಬೇಕು ಎಂಬುದನ್ನೂ ಬರೆಯಬೇಕು. ಕಾನೂನಿಗೆ ಬೇಕಾದದ್ದು ಒಂದು ಹೆಸರು, ಒಂದು ತಾರೀಕು, ಒಂದು ಕಾರಣ. ‘ನಿಯಮಾನುಸಾರ ಕ್ರಮ ಕೈಗೊಳ್ಳಲಾಗುವುದು’ ಎಂಬ ವಾಕ್ಯದಲ್ಲಿ ಈ ಮೂರೂ ಇಲ್ಲ. ಯಾವ ನಿಯಮ? ಯಾರು? ಯಾವತ್ತು? ಕಾಯ್ದೆ ಕೊಟ್ಟದ್ದನ್ನು ಕ್ರಿಯಾಪದ ಕಿತ್ತುಕೊಳ್ಳುತ್ತದೆ.

ಈ ರೋಗ ಕಚೇರಿಯ ಗೋಡೆ ದಾಟಿ ಪತ್ರಿಕೆಗಳಿಗೂ ಬಂದಿದೆ. ‘ಎನ್ನಲಾಗಿದೆ’, ‘ಹೇಳಲಾಗುತ್ತಿದೆ’, ‘ಎಂದು ತಿಳಿದುಬಂದಿದೆ’. ಹೇಳಿದವರು ಯಾರು, ಪೊಲೀಸರೇ, ಪಕ್ಷದ ವಕ್ತಾರರೇ, ಸುದ್ದಿಗಾರರೇ? ಓದುವವರಿಗೆ ತಿಳಿಯುವ ದಾರಿ ಇಲ್ಲ. ಇದಕ್ಕಿಂತ ಭೀಕರವಾದ ಒಂದು ಸಾಲನ್ನು ನಾವು ಮತ್ತೆ ಮತ್ತೆ ಓದುತ್ತೇವೆ, ಓದಿ ಪುಟ ಮಗುಚುತ್ತೇವೆ: ‘ಮ್ಯಾನ್‌ಹೋಲ್‌ಗೆ ಇಳಿದ ಕಾರ್ಮಿಕರು ಉಸಿರುಗಟ್ಟಿ ಸಾವು.’ ಈ ಸಾಲಿನಲ್ಲಿ ‘ಲಾಗಿದೆ’ ಕೂಡ ಇಲ್ಲ, ಇನ್ನೂ ನುಣುಪಾದ ಕೆಲಸ ನಡೆದಿದೆ. ಇಳಿದ, ಎಂದು ಬರೆದಿದ್ದಾರೆ. ಅವರು ತಾವಾಗಿಯೇ ಇಳಿದರೇ? ಕನ್ನಡದಲ್ಲಿ ‘ಇಳಿ’ ಎಂಬುದರ ಪಕ್ಕದಲ್ಲೇ ‘ಇಳಿಸು’ ಇದೆ. 2013ರ ಕಾಯ್ದೆ ಒಳಚರಂಡಿ, ಮಲಗುಂಡಿಗಳ ಅಪಾಯಕಾರಿ ಶುಚಿ ಕೆಲಸಕ್ಕೆ ಮನುಷ್ಯರನ್ನು ಹಚ್ಚುವುದನ್ನು ಅಪರಾಧವೆಂದು ಸಾರಿದೆ. ಮೊದಲ ಸಲಕ್ಕೇ 2 ವರ್ಷದವರೆಗೆ ಸೆರೆವಾಸ, ಅಥವಾ 2 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. 2014ರಲ್ಲಿ ಸುಪ್ರೀಂ ಕೋರ್ಟ್ ಇಂಥ ಕೆಲಸದಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಎಂದಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಕಾನೂನಿನ ಕಣ್ಣಿನಲ್ಲಿ ಅಪರಾಧಿ ಇಳಿಸಿದವನು. ನಮ್ಮ ತಲೆಬರಹದ ವ್ಯಾಕರಣದಲ್ಲಿ ಅವನು ಎಲ್ಲೂ ಇಲ್ಲ, ಇಳಿದು ಸತ್ತವನ ತಲೆಗೇ ಹೊಣೆ. ಒಂದು ‘ಸು’ ಅಕ್ಷರ ಸೇರಿಸಿದ್ದರೆ ಗುತ್ತಿಗೆದಾರ ಯಾರು ಎಂಬ ಪ್ರಶ್ನೆ ಓದುವವರ ನಾಲಿಗೆಗೆ ತಾನಾಗಿ ಬರುತ್ತಿತ್ತು. ಯಾವ ಭಾಷಾಭಿಮಾನಿ ಈ ಅಕ್ಷರಕ್ಕಾಗಿ ಪತ್ರಿಕೆಗೆ ಪತ್ರ ಬರೆದಿದ್ದಾರೆ? ‘ಸಕತ್’ ಎಂಬ ಪದದ ಮೇಲೆ ಎಷ್ಟು ಬರೆದಿದ್ದಾರೆ?

ವೇದಿಕೆಯ ಮಾತನ್ನೂ ಇದೇ ಸಾಲಿಗೆ ಸೇರಿಸುತ್ತೇನೆ. ‘ಕನ್ನಡವನ್ನು ಉಳಿಸತಕ್ಕಂಥ ಕೆಲಸ ಆಗಬೇಕು’, ‘ರಸ್ತೆ ಇರಬಹುದು, ಕುಡಿಯುವ ನೀರಿರಬಹುದು, ಶಾಲೆ ಇರಬಹುದು, ಈ ಎಲ್ಲದರ ಬಗ್ಗೆ ಒಂದು ಚಿಂತನೆ ನಡೆಯಬೇಕು’, ‘ಜಾಗೃತಿ ಮೂಡಬೇಕಿದೆ’. ‘ತಕ್ಕಂಥ’ ಎಂಬ ಬಾಲದ ಬಗ್ಗೆ ಜನ ನಗುತ್ತಾರೆ, ಅದು ಬರೀ ಬಾಲ, ಅಷ್ಟು ಹಾನಿ ಇಲ್ಲ. ಹಾನಿ ಇರುವುದು ‘ಆಗಬೇಕು’ ಎಂಬುದರಲ್ಲಿ. ಮಂತ್ರಿಯ ಕುರ್ಚಿಯಲ್ಲಿ ಕೂತು ಕಡತಕ್ಕೆ ಸಹಿ ಹಾಕುವ ಮನುಷ್ಯ ‘ಮಾಡುತ್ತೇನೆ’ ಎನ್ನಬೇಕು, ಇಲ್ಲವೇ ‘ಮಾಡಲಾರೆ’ ಎನ್ನಬೇಕು. ‘ಆಗಬೇಕು’ ಎಂದು ಹೇಳುವ ಹಕ್ಕು ಇರುವುದು ಕೆಳಗೆ ಕೂತು ಕೇಳುವ ನಮಗೆ. ಸಂಪಾದಕೀಯಗಳ ಕೊನೆಯ ಸಾಲೂ ಎಷ್ಟೋ ಸಲ ಇದೇ: ಗಮನ ಹರಿಸಬೇಕಿದೆ, ಕ್ರಮ ಆಗಬೇಕಿದೆ. ಬರೆಯುವ ನಾವೇ ನುಣುಚಿಕೊಳ್ಳುವ ದಾರಿ ತೋರಿಸಿಕೊಟ್ಟರೆ ಅಧಿಕಾರಿಗಳನ್ನು ದೂರುವ ಬಾಯಿ ನಮಗೆಲ್ಲಿ?

ಈಗ, ಬೈಸಿಕೊಳ್ಳುವವರು ಯಾರು ಎಂದು ನೋಡೋಣ. ಕಿರಿಕಿರಿಯ ಪದಗಳ ಪಟ್ಟಿ ಯಾರೇ ಮಾಡಲಿ, ಅದರಲ್ಲಿ ಹದಿಹರೆಯದವರ ಮಾತಿರುತ್ತದೆ, ಆಟೋ ಓಡಿಸುವವರ ಮಾತಿರುತ್ತದೆ, ಹಳ್ಳಿಯಿಂದ ಬಂದವರ ಉಚ್ಚಾರವಿರುತ್ತದೆ. ‘ಹ’ಕಾರ ಬಾರದವರನ್ನು ಆಡಿಕೊಂಡು ನಗುವುದು ನಮ್ಮಲ್ಲಿ ಸಭ್ಯರ ಮನರಂಜನೆಯಾಗಿಬಿಟ್ಟಿದೆ. ‘ಆಲು’, ‘ಊವು’, ‘ಓಗು’ ಎಂದ ಹುಡುಗ ತರಗತಿಯಲ್ಲಿ ತಲೆ ತಗ್ಗಿಸಿ ಕೂರುತ್ತಾನೆ, ಆಮೇಲೆ ಬಾಯಿ ಬಿಡುವುದಿಲ್ಲ. ಹಳಗನ್ನಡದ ‘ಪಾಲ್’ ನಡುಗನ್ನಡದ ಹೊತ್ತಿಗೆ ‘ಹಾಲು’ ಆಯಿತು, ‘ಪೂ’ ‘ಹೂ’ ಆಯಿತು, ‘ಪೋಗು’ ‘ಹೋಗು’ ಆಯಿತು. ಆ ಬದಲಾವಣೆಯನ್ನು ವಿದ್ವಾಂಸರು ಭಾಷೆಯ ಬೆಳವಣಿಗೆ ಎಂದು ಪಾಠ ಮಾಡುತ್ತಾರೆ. ‘ಹ’ ಜಾರಿಹೋದ ಮಾತು ಅದೇ ದಾರಿಯ ಮುಂದಿನ ಹೆಜ್ಜೆ, ಅದನ್ನು ಮಾತ್ರ ಅಜ್ಞಾನ ಎನ್ನುತ್ತಾರೆ. ಮಂಗಳೂರಿನವರ ‘ಎಂಥ ಮಾರಾಯ’, ಧಾರವಾಡದ ‘ಮಾಡಾಕತ್ತೇನ್ರೀ’, ಮಂಡ್ಯದ ‘ಕಣ್ಲಾ’ ಎಲ್ಲವೂ ಸಿನಿಮಾದಲ್ಲಿ ನಗಿಸಲು ಬೇಕು, ಸಂದರ್ಶನದ ಕೋಣೆಯಲ್ಲಿ ಬೇಡ. ಸಿಟ್ಟು ಸದಾ ಕೆಳಕ್ಕೇ ಹರಿಯುವುದು ಕಾಕತಾಳೀಯವಲ್ಲ. ಆಟೋದವನ ‘ಗುರು’ವನ್ನು ತಿದ್ದಿದರೆ ನಮಗೆ ಯಾವ ಅಪಾಯವೂ ಇಲ್ಲ. ಕಚೇರಿಯ ಕಿಟಕಿಯ ಮುಂದೆ ನಿಂತು ‘ಯಾರು ಪರಿಶೀಲಿಸಿದರು ಅಂತ ಬರೆದುಕೊಡಿ’ ಎನ್ನಲು ಎದೆ ಬೇಕು.

ಪರಭಾಷೆಯ ಪದಗಳು ಹೀಗೆ ನುಗ್ಗಿದರೆ ಕನ್ನಡ ಉಳಿಯುತ್ತದೆಯೇ ಎಂಬ ಭಯ ಪ್ರಾಮಾಣಿಕವಾದದ್ದೇ, ಅದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಆ ಭಯಕ್ಕೆ ವಯಸ್ಸಾಗಿದೆ. 1112ರ ಸುಮಾರಿಗೆ ಧರ್ಮಾಮೃತ ಬರೆದ ನಯಸೇನ, ಕನ್ನಡದಲ್ಲಿ ಸಂಸ್ಕೃತ ಬೆರೆಸುವುದು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಎಂದು ಆಕ್ಷೇಪಿಸಿದ್ದ. ಅವನ ಮಾತಿಗೆ ಒಂಬತ್ತು ಶತಮಾನ ಕಳೆದಿದೆ. ಅವನು ಬೇಡವೆಂದ ಸಂಸ್ಕೃತವನ್ನೇ ಇಂದಿನವರು ಅಚ್ಚಗನ್ನಡವೆಂದು ಕಾಪಾಡಲು ಹೊರಟಿದ್ದಾರೆ. ಸರ್ಕಾರ, ಕಚೇರಿ, ಅರ್ಜಿ, ಜಮೀನು, ವಕೀಲ, ತಹಶೀಲ್ದಾರ ಇಲ್ಲದೆ ನಾವು ಒಂದು ದಿನ ಬದುಕಲಾರೆವು; ಅಲಮಾರು, ಚಾವಿ, ಬಟಾಟೆ ಪೋರ್ಚುಗೀಸರಿಂದ ಬಂದವು ಎಂಬುದು ಯಾರಿಗೂ ನೆನಪಿಲ್ಲ. ಬಸ್ಸಿನ ಕಂಡಕ್ಟರು ‘ಹೋಲ್ಡಾನ್’ ಎಂದರೆ ನಿಲ್ಲುತ್ತದೆ, ‘ರೈಟ್’ ಎಂದರೆ ಹೊರಡುತ್ತದೆ, ಅದರಿಂದ ಕನ್ನಡಕ್ಕೆ ಕೂದಲೂ ಕೊಂಕಿಲ್ಲ. ಕನ್ನಡಕ್ಕೆ ಕುತ್ತು ಬಂದಿರುವುದು ಬೇರೆ ಕಡೆ: ಮಕ್ಕಳು ಯಾವ ಭಾಷೆಯಲ್ಲಿ ಕಲಿಯುತ್ತಾರೆ, ಯಾವ ಭಾಷೆ ಬಂದರೆ ಕೆಲಸ ಸಿಗುತ್ತದೆ, ಕೋರ್ಟು ಯಾವ ಭಾಷೆಯಲ್ಲಿ ತೀರ್ಪು ಹೇಳುತ್ತದೆ ಎಂಬಲ್ಲಿ. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲ ಎಂದು 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದಕ್ಕೆ ಉತ್ತರ ಹುಡುಕುವುದು ಕಷ್ಟದ ಕೆಲಸ. ಆ ಕಷ್ಟ ಬೇಡವಾದಾಗ ‘ಯೂಸ್ ಮಾಡು’ ಎಂದವಳನ್ನು ಗದರಿಸಿ ಕನ್ನಡದ ಸೇವೆ ಮುಗಿಯಿತು ಎಂದುಕೊಳ್ಳುತ್ತೇವೆ.

ಇನ್ನೊಂದು ಆಕ್ಷೇಪವನ್ನು ಸರ್ಕಾರಿ ಕೆಲಸದಲ್ಲಿರುವ ಗೆಳೆಯರು ಹೇಳುತ್ತಾರೆ. ಕಚೇರಿ ಎಂದರೆ ವ್ಯಕ್ತಿ ಅಲ್ಲ, ಅಧಿಕಾರಿ ಇಂದು ಇರುತ್ತಾರೆ ನಾಳೆ ವರ್ಗವಾಗುತ್ತಾರೆ, ಅದಕ್ಕೇ ‘ಲಾಗಿದೆ’ ಎನ್ನುತ್ತೇವೆ ಎಂದು. ವ್ಯಕ್ತಿ ಬದಲಾದರೂ ಹುದ್ದೆ ಉಳಿಯುತ್ತದಲ್ಲ? ‘ತಹಶೀಲ್ದಾರರು ಈ ಅರ್ಜಿಯನ್ನು ತಿರಸ್ಕರಿಸಿದ್ದಾರೆ, ಗಂಡನ ಮರಣ ಪ್ರಮಾಣಪತ್ರ ಇಲ್ಲದಿರುವುದು ಕಾರಣ, ಅದನ್ನು ತಂದುಕೊಟ್ಟರೆ ಮತ್ತೆ ನೋಡುತ್ತಾರೆ’ ಎಂದು ಬರೆದರೆ ಯಾವ ಗೌರವಕ್ಕೆ ಕುಂದು? ಅಷ್ಟು ಬರೆಯಲು ಅರ್ಧ ಹಾಳೆಯಲ್ಲಿ ಜಾಗವೂ ಇತ್ತು. ಮಾಡಿದವರು ಯಾರೆಂದು ನಿಜವಾಗಿ ತಿಳಿಯದಿದ್ದರೆ ಕನ್ನಡದಲ್ಲಿ ‘ಯಾರೋ’ ಎಂಬ ಮಾತಿದೆ. ‘ಯಾರೋ ಬೀಗ ಒಡೆದಿದ್ದಾರೆ’ ಎಂದು ಮಕ್ಕಳೂ ಹೇಳುತ್ತಾರೆ. ತಿಳಿಯದ್ದನ್ನು ತಿಳಿಯದೆಂದು ಒಪ್ಪುವ ಮಾತು ಅದು. ‘ಲಾಗಿದೆ’ ತಿಳಿದದ್ದನ್ನು ಮುಚ್ಚುವ ಮಾತು.

ಪತ್ರಿಕೆಯ ಮೇಜಿನಲ್ಲಿ ಕೂತ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ‘ಎನ್ನಲಾಗಿದೆ’ ಕಂಡಲ್ಲಿ ವರದಿಗಾರರನ್ನು ಕರೆದು ಯಾರು ಅಂದರು ಎಂದು ಕೇಳಿ. ಹೆಸರು ಸಿಕ್ಕರೆ ಹಾಕಿ, ಸಿಗದಿದ್ದರೆ ಆ ಸಾಲನ್ನೇ ಹೊಡೆದುಹಾಕಿ. ಮೇಷ್ಟ್ರುಗಳೇ, ಕರ್ಮಣಿ ಪ್ರಯೋಗ ಪಾಠ ಮಾಡುವ ದಿನ ಮಕ್ಕಳ ಕೈಗೆ ಒಂದು ಸರ್ಕಾರಿ ಪ್ರಕಟಣೆ ಕೊಟ್ಟು, ಅದನ್ನು ಕರ್ತರಿಗೆ ತಿರುಗಿಸಲು ಹೇಳಿ. ತಿರುಗಿಸಲು ಹೊರಟವರಿಗೆ ಕರ್ತೃಪದ ಯಾವುದು ಎಂಬ ಪ್ರಶ್ನೆ ಎದುರಾಗುತ್ತದೆ, ಆ ಪ್ರಶ್ನೆ ಅವರ ಜೊತೆ ದೊಡ್ಡದಾಗಲಿ.

ನಿಮ್ಮ ಕೈಗೆ ‘ಲಾಗಿದೆ’ ಎಂಬ ಹಿಂಬರಹ ಬಂದರೆ ಮಡಚಿ ಪೆಟ್ಟಿಗೆಯಲ್ಲಿ ಇಡಬೇಡಿ. ನನ್ನ ಅರ್ಜಿಯನ್ನು ಯಾವ ಹುದ್ದೆಯ ಯಾವ ಅಧಿಕಾರಿ, ಯಾವ ದಿನ, ಯಾವ ನಿಯಮದ ಕೆಳಗೆ ತಿರಸ್ಕರಿಸಿದರು ಎಂದು ಮಾಹಿತಿ ಹಕ್ಕಿನಲ್ಲಿ ಬರೆದು ಕೇಳಿ. ನಮ್ಮ ರಾಜ್ಯದ ನಿಯಮದಂತೆ ಆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಈ ಪ್ರಶ್ನೆಗೆ ಇಪ್ಪತ್ತು ಪದ ಸಾಕು. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ.